ಡಿಕ್ರಿ ಬಂತು, ಅಮಲ್ಜಾರಿ ಆಗಲಿಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಎರಡು ಮಹಾಯುದ್ಧಗಳ ನಡುವಿನ ಅಂತರರಾಷ್ಟ್ರೀಯ ಕಾನೂನಿನ ಬಗ್ಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇವೆ.

ಪ್ರಶ್ನೆ (ಕಾನೂನು ವಿದ್ಯಾರ್ಥಿ, ತುಮಕೂರು): 1928ರ ಪ್ಯಾರಿಸ್ ಒಪ್ಪಂದದಲ್ಲಿ ಯುದ್ಧವನ್ನೇ ತ್ಯಜಿಸಿದ್ದೇವೆ ಎಂದು ದೇಶಗಳು ಬರೆದುಕೊಟ್ಟವು. ಮೂರೇ ವರ್ಷಕ್ಕೆ ಜಪಾನ್ ಮಂಚೂರಿಯಾಕ್ಕೆ ನುಗ್ಗಿತು. ಹಾಗಾದರೆ ಅದೆಲ್ಲ ಬರೀ ಕಾಗದವೇ?

ಉತ್ತರ: ಬರೀ ಕಾಗದ ಎಂದುಬಿಟ್ಟರೆ ಪರೀಕ್ಷೆಯಲ್ಲಿ ಅಂಕ ಬರಬಹುದು, ವಿಷಯ ತಿಳಿಯುವುದಿಲ್ಲ. ಎರಡು ದಾಖಲೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿ. ಒಂದು, 1920ರ ಜನವರಿ 10ರಂದು ಜಾರಿಗೆ ಬಂದ, ವಿಶ್ವಸಂಸ್ಥೆಗೂ ಮೊದಲಿದ್ದ ರಾಷ್ಟ್ರಸಂಘದ ಒಡಂಬಡಿಕೆ. ಅದರಲ್ಲಿ 26 ವಿಧಿಗಳು. ಇನ್ನೊಂದು, 1928ರ ಆಗಸ್ಟ್ 27ರಂದು 15 ದೇಶಗಳು ಮೊದಲು ಸಹಿ ಹಾಕಿದ ಪ್ಯಾರಿಸ್ ಒಪ್ಪಂದ. ಇದರಲ್ಲಿರುವುದು ಮೂರೇ ವಿಧಿ, ಅದರಲ್ಲೂ ಮೂರನೆಯದು ಅನುಮೋದನೆಯ ವಿಧಾನವನ್ನಷ್ಟೇ ಹೇಳುತ್ತದೆ.

ಒಡಂಬಡಿಕೆ ಯುದ್ಧವನ್ನು ನಿಷೇಧಿಸಲೇ ಇಲ್ಲ, ಅದಕ್ಕೊಂದು ವಾಯಿದೆ ಕೊಟ್ಟಿತು. 12ನೇ ವಿಧಿಯ ಪ್ರಕಾರ ತಕರಾರನ್ನು ಮಧ್ಯಸ್ಥಿಕೆಗೋ ನ್ಯಾಯಾಲಯಕ್ಕೋ ಸಂಘದ ಕಾರ್ಯಕಾರಿ ಮಂಡಳಿಯಾದ ಕೌನ್ಸಿಲ್‌ಗೋ ಒಪ್ಪಿಸಬೇಕು. ಕೌನ್ಸಿಲ್‌ಗೆ ಹೋದರೆ ಆರು ತಿಂಗಳೊಳಗೆ ವರದಿ. ವರದಿ ಬಂದ ಮೇಲೂ ಮೂರು ತಿಂಗಳು ಕತ್ತಿ ಹಿರಿಯುವಂತಿಲ್ಲ. ಅಂದರೆ ಹೆಚ್ಚೆಂದರೆ ಒಂಬತ್ತು ತಿಂಗಳ ತಡೆ. ತೂತು ಇರುವುದು 15ನೇ ವಿಧಿಯ ಏಳನೇ ಉಪವಿಧಿಯಲ್ಲಿ: ತಕರಾರಿನ ಕಕ್ಷಿಗಳನ್ನು ಬಿಟ್ಟು ಉಳಿದ ಸದಸ್ಯರೆಲ್ಲ ಒಮ್ಮತದಿಂದ ವರದಿ ಕೊಡದಿದ್ದರೆ, ತಮಗೆ ಸರಿ ಕಂಡ ಕ್ರಮ ಕೈಗೊಳ್ಳುವ ಹಕ್ಕು ಸದಸ್ಯ ದೇಶಗಳಿಗೇ ಉಳಿಯುತ್ತದೆ.

ಈ ತೂತನ್ನು ಮುಚ್ಚಿದ್ದು ಪ್ಯಾರಿಸ್ ಒಪ್ಪಂದ. ಆದರೆ ಮುರಿದವರಿಗೆ ಏನು ಮಾಡಬೇಕೆಂಬ ಮಾತು ಅದರಲ್ಲಿ ಒಂದೂ ಇಲ್ಲ. ನಮ್ಮ ಕೋರ್ಟಿನ ಭಾಷೆಯಲ್ಲೇ ಹೇಳುವುದಾದರೆ, ಡಿಕ್ರಿ ಕೊಟ್ಟರು, ಅದನ್ನು ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿಯನ್ನು ಎಲ್ಲಿ ಹಾಕಬೇಕೆಂದು ಹೇಳಲಿಲ್ಲ. ಮೇಲಾಗಿ ಎರಡೂ ದಾಖಲೆಗಳು ‘ಯುದ್ಧ’ ಎಂಬ ಪದಕ್ಕೆ ಜೋತುಬಿದ್ದಿದ್ದವು. ಮಂಚೂರಿಯಾದಲ್ಲಿ ಜಪಾನೂ ಚೀನಾವೂ ಯುದ್ಧ ಘೋಷಿಸಲೇ ಇಲ್ಲ. 1945ರ ವಿಶ್ವಸಂಸ್ಥೆಯ ಸನ್ನದಿನ 2ನೇ ವಿಧಿಯಲ್ಲಿ ‘ಯುದ್ಧ’ ಹೋಗಿ ‘ಬಲಪ್ರಯೋಗ’ ಬಂದದ್ದು ಈ ಪೆಟ್ಟು ತಿಂದ ಮೇಲೆಯೇ.

ಮಂಚೂರಿಯಾದಲ್ಲಿ ಇನ್ನೊಂದು ಎಡವಟ್ಟಾಯಿತು. ಪಠ್ಯಪುಸ್ತಕಗಳಲ್ಲಿ ಇದು ಸಿಗುವುದು ಅಪರೂಪ. ದಾಳಿ ನಡೆದದ್ದು 1931ರ ಸೆಪ್ಟೆಂಬರ್ 18. ಚೀನಾ ಮೊದಲು ದೂರು ಕೊಟ್ಟದ್ದು 11ನೇ ವಿಧಿಯಡಿ. ಆ ವಿಧಿಯಡಿ ಠರಾವು ಆಗಬೇಕಾದರೆ ಕಕ್ಷಿದಾರರ ಮತವೂ ಸೇರಿ ಒಮ್ಮತ ಬೇಕು ಎಂಬುದು ಕೌನ್ಸಿಲ್‌ನ ರೂಢಿ. ಹಾಗಾಗಿ ಅಕ್ಟೋಬರ್ 24ರಂದು, ಸೇನೆ ವಾಪಸಾಗಲಿ ಎಂಬ ಠರಾವಿನ ಪರ 13 ಮತ ಬಿದ್ದರೂ ಜಪಾನಿನ ಒಂದು ಮತ ಅದನ್ನು ಕೆಡವಿತು. ಆರೋಪಿಯನ್ನೇ ಪಂಚರಲ್ಲಿ ಕೂರಿಸಿದಂತೆ. ಕಕ್ಷಿಗಳ ಮತ ಲೆಕ್ಕಕ್ಕೆ ಬಾರದ 15ನೇ ವಿಧಿಯನ್ನು ಚೀನಾ ಹಿಡಿದದ್ದು 1932ರ ಜನವರಿ 29ರಂದು, ನಾಲ್ಕು ತಿಂಗಳು ಕಳೆದ ಮೇಲೆ. ವಿಚಾರಣೆಗೆ ಸಂಘ ಕಳಿಸಿದ ಲಿಟ್ಟನ್ ಆಯೋಗ ಮಂಚೂರಿಯಾ ತಲುಪುವ ಹೊತ್ತಿಗೆ ಅಲ್ಲಿ ‘ಮಂಚುಕುವೊ’ ಎಂಬ ಕೈಗೊಂಬೆ ಸರ್ಕಾರ ಕೂತಾಗಿತ್ತು. 1933ರ ಫೆಬ್ರವರಿ 24ರಂದು ಸಂಘದ ಎಲ್ಲ ಸದಸ್ಯ ದೇಶಗಳ ಸಭೆ 42–1 ಮತಗಳಿಂದ ವರದಿಯನ್ನು ಒಪ್ಪಿತು. ಜಪಾನ್ ನಿಯೋಗ ಎದ್ದು ಹೊರನಡೆಯಿತು. ಮೊದಲ ದಿನವೇ 15ನೇ ವಿಧಿ ಹಿಡಿದಿದ್ದರೆ ಜಪಾನ್ ನಿಲ್ಲುತ್ತಿತ್ತು ಎಂದು ನಾವು ಹೇಳುವುದಿಲ್ಲ. ಆ ನಾಲ್ಕು ತಿಂಗಳಂತೂ ಉಳಿಯುತ್ತಿತ್ತು.

ಪ್ರಶ್ನೆ (ಮಾಲೂರು): ಇಟಲಿಯ ಮೇಲೆ ಹಾಕಿದ ಆರ್ಥಿಕ ನಿರ್ಬಂಧ ಏಕೆ ನಾಟಲಿಲ್ಲ?

ಉತ್ತರ: ಪಟ್ಟಿಯಲ್ಲಿ ಏನಿತ್ತು, ಏನಿರಲಿಲ್ಲ ನೋಡಿ. ಇಟಲಿ 1935ರ ಅಕ್ಟೋಬರ್ 3ರಂದು ಇಥಿಯೋಪಿಯಾಕ್ಕೆ ನುಗ್ಗಿತು. ನವೆಂಬರ್ 18ರಿಂದ ರಾಷ್ಟ್ರಸಂಘದ ಒಡಂಬಡಿಕೆಯ 16ನೇ ವಿಧಿಯಡಿ ನಿರ್ಬಂಧ ಜಾರಿಯಾಯಿತು. ಶಸ್ತ್ರ, ಸಾಲ, ಇಟಲಿಯಿಂದ ಆಮದು ಬಂದ್. ಇಟಲಿಗೆ ಕಳಿಸಬಾರದ ಸರಕುಗಳಲ್ಲಿ ರಬ್ಬರ್, ತವರ, ಅಲ್ಯೂಮಿನಿಯಂ, ನಿಕ್ಕಲ್, ಜೊತೆಗೆ ಕುದುರೆ, ಹೇಸರಗತ್ತೆ, ಒಂಟೆಗಳೂ ಇದ್ದವು. ಪೆಟ್ರೋಲ್, ಕಲ್ಲಿದ್ದಲು, ಉಕ್ಕು ಇರಲಿಲ್ಲ. ಅವನ್ನು ಮುಂದೆ ನೋಡೋಣ ಎಂದು ಬದಿಗಿಟ್ಟರು. ಹೇಸರಗತ್ತೆಗೆ ತಡೆ, ಲಾರಿಯ ಪೆಟ್ರೋಲಿಗೆ ದಾರಿ! ಸೂಯೆಜ್ ಕಾಲುವೆಯೂ ಇಟಲಿಯ ಹಡಗುಗಳಿಗೆ ತೆರೆದೇ ಇತ್ತು. 1925ರ ಜಿನೀವಾ ಪ್ರೋಟೋಕಾಲ್‌ಗೆ ಬದ್ಧವಾಗಿದ್ದೂ ಇಟಲಿ ವಿಷಾನಿಲ ಬಳಸಿತು. 1936ರ ಮೇ 5ರಂದು ಅಡಿಸ್ ಅಬಾಬಾ ಬಿತ್ತು, ಜುಲೈ 15ಕ್ಕೆ ನಿರ್ಬಂಧ ತೆಗೆದರು.

ಪ್ರಶ್ನೆ (ಕೆಜಿಎಫ್, ರಾಬರ್ಟ್‌ಸನ್‌ಪೇಟೆ): ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊದಲ ಒಪ್ಪಂದವನ್ನು ಭಾರತ 1921ರಲ್ಲೇ ಒಪ್ಪಿತ್ತಂತೆ. ಹಾಗಿದ್ದರೆ ಆಗಿನ ಚಿನ್ನದ ಗಣಿಗಳಿಗೂ ಎಂಟು ಗಂಟೆಯ ಕೆಲಸದ ನಿಯಮ ಬಂದಿತ್ತೇ?

ಉತ್ತರ: ಇಲ್ಲ, ಎರಡು ಕಾರಣಕ್ಕೆ. 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಆದ ಆ ಒಪ್ಪಂದದ ಸಾಮಾನ್ಯ ನಿಯಮ ದಿನಕ್ಕೆ 8, ವಾರಕ್ಕೆ 48 ಗಂಟೆ. ಆದರೆ 10ನೇ ವಿಧಿ ಭಾರತಕ್ಕೆ ಪ್ರತ್ಯೇಕವಾಗಿ ವಾರಕ್ಕೆ 60 ಗಂಟೆ ಎಂದಿತು. 1922ರ ಕಾರ್ಖಾನೆ ತಿದ್ದುಪಡಿ ಕಾಯ್ದೆಯಲ್ಲಿ ಕಾಣುವುದು ಈ 60ರ ಅಂಕಿಯೇ. 1923ರ ಗಣಿ ಕಾಯ್ದೆ ನೆಲದ ಮೇಲೆ 60, ನೆಲದೊಳಗೆ 54 ಎಂದಿತು.

ಎರಡನೆಯದು ನಿಮ್ಮ ಊರಿಗೇ ಸಂಬಂಧಿಸಿದ್ದು. ಅದೇ 10ನೇ ವಿಧಿ ಶುರುವಾಗುವುದು ‘ಬ್ರಿಟಿಷ್ ಇಂಡಿಯಾದಲ್ಲಿ’ ಎಂಬ ಪದಗಳಿಂದ. ಕೋಲಾರದ ಗಣಿಗಳಿದ್ದದ್ದು ಮೈಸೂರು ಸಂಸ್ಥಾನದಲ್ಲಿ. ಕಂಪನಿ ಲಂಡನ್ನಿನದು, ನೆಲ ಮಹಾರಾಜರದು, ಕಾನೂನೂ ಸಂಸ್ಥಾನದ್ದು. ‘ಭಾರತ ಅನುಮೋದಿಸಿತು’ ಎಂದು ಆ ಕಾಲದ ಪಟ್ಟಿಯಲ್ಲಿ ಕಂಡ ಕೂಡಲೇ ಸಂಸ್ಥಾನಗಳಿಗೂ ಅನ್ವಯ ಎಂದುಕೊಳ್ಳುವುದು ಸಂಶೋಧನಾ ಪ್ರಬಂಧಗಳಲ್ಲೂ ನುಸುಳುವ ತಪ್ಪು. ಮೊದಲು ಪ್ರಾದೇಶಿಕ ವ್ಯಾಪ್ತಿಯ ಸಾಲನ್ನು ಹುಡುಕಿ, ಆಮೇಲೆ ಗಂಟೆ ಲೆಕ್ಕ ಹಾಕಿ.

ಪ್ರಶ್ನೆ (ಶಿಕ್ಷಕಿ, ಗೌರಿಬಿದನೂರು): 1938ರ ಏಪ್ರಿಲ್ 25ರ ವಿದುರಾಶ್ವತ್ಥದ ಗೋಲಿಬಾರನ್ನು ರಾಷ್ಟ್ರಸಂಘದ ಮುಂದೆ ಒಯ್ಯಲು ಸಾಧ್ಯವಿತ್ತೇ? ಮಕ್ಕಳು ಕೇಳುತ್ತಾರೆ.

ಉತ್ತರ: ಒಳ್ಳೆಯ ಪ್ರಶ್ನೆ ಕೇಳುವ ಮಕ್ಕಳು. ದಾರಿ ಇರಲಿಲ್ಲ. ಹೇಗ್‌ನ ಅಂತರರಾಷ್ಟ್ರೀಯ ಕಾಯಂ ನ್ಯಾಯಾಲಯದ ಕಾನೂನಿನ 34ನೇ ವಿಧಿಯಂತೆ ದಾವೆ ಹೂಡಲು ದೇಶಗಳಿಗೆ, ಸಂಘದ ಸದಸ್ಯರಿಗೆ ಮಾತ್ರ ಅವಕಾಶ. ಮೈಸೂರು ಸದಸ್ಯನಲ್ಲ. ಸದಸ್ಯನಾಗಿದ್ದ ಭಾರತದ ಪರವಾಗಿ ಮಾತಾಡುತ್ತಿದ್ದದ್ದು ಬ್ರಿಟಿಷ್ ಸರ್ಕಾರ. ಇನ್ನಾವುದಾದರೂ ದೇಶ ಎತ್ತಿದರೂ, ದೇಶದ ಒಳಗಿನ ವ್ಯವಹಾರವೆಂದು ಕಂಡರೆ ಕೌನ್ಸಿಲ್ ಕೈ ಹಾಕಬಾರದು ಎಂದು ಒಡಂಬಡಿಕೆಯ 15ನೇ ವಿಧಿಯ ಎಂಟನೇ ಉಪವಿಧಿ ಹೇಳುತ್ತಿತ್ತು.

ಸಾಮಾನ್ಯರು ಅರ್ಜಿ ಕಳಿಸಬಹುದಾದ ಬಾಗಿಲುಗಳು ಇದ್ದವು: ಮ್ಯಾಂಡೇಟ್ ಪ್ರದೇಶದ (ಸಂಘದ ಪರವಾಗಿ ಬೇರೊಂದು ದೇಶ ಆಳುತ್ತಿದ್ದ ಪ್ರದೇಶದ) ಜನರಿಗೆ, ಹಾಗೂ ಪೋಲೆಂಡ್‌ನಂಥ ದೇಶಗಳು ಅಲ್ಪಸಂಖ್ಯಾತರ ರಕ್ಷಣೆಗೆ ಬರೆದುಕೊಟ್ಟ ಒಪ್ಪಂದಗಳ ಅಡಿ. ಆ ಬಾಗಿಲು ತೆರೆದಿದ್ದಲ್ಲಿ ಕೆಲಸವಾದದ್ದೂ ಉಂಟು. 1933ರಲ್ಲಿ ಜರ್ಮನಿಯ ಮೇಲ್ ಸಿಲೇಸಿಯಾದಲ್ಲಿ ಕೆಲಸ ಕಳೆದುಕೊಂಡ ಫ್ರಾಂಜ್ ಬರ್ನ್‌ಹೈಮ್ ಎಂಬ ಯಹೂದಿ ನೌಕರ, 1922ರ ಜರ್ಮನಿ–ಪೋಲೆಂಡ್ ಒಪ್ಪಂದವನ್ನು ಹಿಡಿದು ಜಿನೀವಾಕ್ಕೆ ಅರ್ಜಿ ಹಾಕಿದ. ಆ ಪ್ರದೇಶದ ಮಟ್ಟಿಗೆ ಯಹೂದಿ ವಿರೋಧಿ ಕಾನೂನುಗಳನ್ನು ನಾಜಿ ಸರ್ಕಾರ ತಡೆಹಿಡಿಯಬೇಕಾಯಿತು. 1937ರ ಜುಲೈನಲ್ಲಿ ಒಪ್ಪಂದದ ಅವಧಿ ಮುಗಿಯಿತು, ರಕ್ಷಣೆಯೂ ಅಂದೇ ಮುಗಿಯಿತು. ಭಾರತಕ್ಕೆ ಅಂಥ ಒಪ್ಪಂದವೇ ಇರಲಿಲ್ಲ. ವಿದುರಾಶ್ವತ್ಥದ ನಂತರ, ಗೋಲಿಬಾರಿಗೆ ಕಾರಣವಾದ ಕಾಂಗ್ರೆಸ್ ಧ್ವಜ ಹಾರಿಸುವ ವಿಷಯ ಇತ್ಯರ್ಥವಾದದ್ದು ಮೈಸೂರಿನ ದಿವಾನ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವಿನ ಮಿರ್ಜಾ–ಪಟೇಲ್ ಒಪ್ಪಂದದಲ್ಲಿ, ಇಲ್ಲೇ.

ಪ್ರಶ್ನೆ (ತಿಪಟೂರು): ಕಾಯಂ ಮಧ್ಯಸ್ಥಿಕೆ ನ್ಯಾಯಾಲಯವೂ ಅಂತರರಾಷ್ಟ್ರೀಯ ಕಾಯಂ ನ್ಯಾಯಾಲಯವೂ ಒಂದೇ ತಾನೆ?

ಉತ್ತರ: ಅಲ್ಲ. ಮೊದಲನೆಯದು 1899ರದ್ದು, ಇಂದಿಗೂ ಇದೆ. ಎರಡನೆಯದು 1922ರಲ್ಲಿ ಕೆಲಸ ಶುರು ಮಾಡಿ 1946ರಲ್ಲಿ ವಿಸರ್ಜನೆಯಾಯಿತು. ಎರಡೂ ಹೇಗ್‌ನ ಶಾಂತಿ ಸೌಧದಲ್ಲೇ ಇದ್ದದ್ದರಿಂದ ಈ ಗೊಂದಲ.

ಪ್ರಶ್ನೆ (ವಕೀಲರು, ಚಿಂತಾಮಣಿ): ‘ನಿಷೇಧ ಇಲ್ಲದ್ದೆಲ್ಲ ದೇಶಗಳಿಗೆ ಸಮ್ಮತ’ ಎಂದು ಲೋಟಸ್ ತೀರ್ಪನ್ನು ಉಲ್ಲೇಖಿಸುತ್ತಾರೆ. ಅದು ಈಗಲೂ ನಿಲ್ಲುತ್ತದೆಯೇ?

ಉತ್ತರ: ತೀರ್ಪಿನ ಅಡಿಪಾಯ ಮೊದಲೇ ತೆಳು. 1926ರ ಆಗಸ್ಟ್ 2ರ ರಾತ್ರಿ ತೆರೆದ ಸಮುದ್ರದಲ್ಲಿ ಫ್ರಾನ್ಸಿನ ‘ಲೋಟಸ್’ ಹಡಗು ಟರ್ಕಿಯ ‘ಬೋಜ್-ಕೂರ್ಟ್’ಗೆ ಡಿಕ್ಕಿ ಹೊಡೆದು ಎಂಟು ಮಂದಿ ಟರ್ಕರು ಸತ್ತರು. ‘ಲೋಟಸ್’ ಇಸ್ತಾಂಬುಲ್‌ಗೆ ಬಂದಾಗ ಫ್ರೆಂಚ್ ಅಧಿಕಾರಿಯ ಮೇಲೆ ಟರ್ಕಿ ಕ್ರಿಮಿನಲ್ ಕೇಸು ಹಾಕಿತು. 1927ರಲ್ಲಿ ಹೇಗ್‌ನ ನ್ಯಾಯಾಧೀಶರು 6–6 ಆಗಿ, ಅಧ್ಯಕ್ಷ ಮ್ಯಾಕ್ಸ್ ಹೂಬರ್ ಅವರ ನಿರ್ಣಾಯಕ ಮತದಿಂದ ಟರ್ಕಿ ಗೆದ್ದಿತು.

ಡಿಕ್ಕಿಯ ಮಟ್ಟಿಗೆ ಆ ನಿಯಮವನ್ನು ತೆರೆದ ಸಮುದ್ರದ ಬಗೆಗಿನ 1958ರ ಒಪ್ಪಂದವೇ ತಿರುಗಿಸಿತು. ಈಗ 1982ರ ಸಮುದ್ರ ಕಾನೂನಿನ 97ನೇ ವಿಧಿ ಇದೆ. ಅದರಂತೆ ಡಿಕ್ಕಿ ಅಥವಾ ನೌಕಾಯಾನದ ಇತರ ಅವಘಡವಾದರೆ ಕ್ರಿಮಿನಲ್ ಕ್ರಮ ಹಡಗಿನ ಧ್ವಜದ ದೇಶದ್ದು, ಇಲ್ಲವೇ ಆರೋಪಿಯ ಸ್ವಂತ ದೇಶದ್ದು. 2012ರಲ್ಲಿ ಕೇರಳ ಕರಾವಳಿಯಾಚೆ ಇಬ್ಬರು ಮೀನುಗಾರರನ್ನು ಇಟಲಿಯ ನೌಕಾ ಸೈನಿಕರು ಗುಂಡಿಟ್ಟು ಕೊಂದ ಪ್ರಕರಣದಲ್ಲಿ ಇಟಲಿ ಇದೇ ವಿಧಿಯ ಮೊರೆ ಹೋಯಿತು. ಗುಂಡು ಹಾರಿಸುವುದು ನೌಕಾಯಾನದ ಅವಘಡವಲ್ಲ ಎಂದು 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು; ಲೋಟಸ್ ತೀರ್ಪೂ ಅಲ್ಲಿ ಚರ್ಚೆಗೆ ಬಂತು. ಕೊನೆಗೆ 2020ರಲ್ಲಿ ಮಧ್ಯಸ್ಥಿಕೆ ಮಂಡಳಿ, ಸೈನಿಕರಿಗೆ ಸರ್ಕಾರಿ ಕರ್ತವ್ಯದ ರಕ್ಷಣೆ ಇದೆ, ಆದರೆ ಭಾರತಕ್ಕೆ ಪರಿಹಾರ ಸಲ್ಲಬೇಕು ಎಂದಿತು. 10 ಕೋಟಿ ರೂಪಾಯಿ ಕಟ್ಟಿದ ಮೇಲೆ 2021ರ ಜೂನ್‌ನಲ್ಲಿ ಇಲ್ಲಿಯ ಕೇಸು ಮುಗಿಯಿತು. ವಾದಪತ್ರದಲ್ಲಿ ಲೋಟಸ್ ಬಳಸುವುದಾದರೆ 97ನೇ ವಿಧಿಯನ್ನು ಪಕ್ಕದಲ್ಲೇ ಇಡಿ, ಎದುರು ಕಕ್ಷಿಯವರು ಇಡುವ ಮೊದಲು.