ಆಳ ನೀರು ದಾಟಿದ ಪಿಕಪ್: ಹಿಂದಿನ ಹೌಸಿಂಗ್ ತಪ್ಪದೆ ನೋಡಿ

ಹಿಂದಿನ ಹೌಸಿಂಗ್ (ಹಿಂದಿನ ಚಕ್ರಗಳ ನಡುವಿನ, ಗೇರ್ ಎಣ್ಣೆ ಇರುವ ಆಕ್ಸಲ್ ಪೆಟ್ಟಿಗೆ) ಒಳಗೆ ನೀರು ಹೋಗಿರುವ ಸಾಧ್ಯತೆಯೇ ಜಾಸ್ತಿ. ಚಕ್ರ ಮುಳುಗುವಷ್ಟು ಹಳ್ಳದ ನೀರಲ್ಲಿ ಪಿಕಪ್ ದಾಟಿಸಿದೆ, ಎಂಜಿನ್ ಆಫ್ ಆಗಲಿಲ್ಲ, ಯಾವ ಎಣ್ಣೆ ನೋಡಬೇಕು ಅಂತ ಕೇಳಿದ್ದೀರಿ ಅಲ್ವಾ? ಬಿಸಿ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ (ಗಾಳಿ ಆಡುವ ಕಿಂಡಿ) ಅಥವಾ ಸೀಲ್ (ಎಣ್ಣೆ ಸೋರದಂತೆ ತಡೆಯುವ ಬಳೆ) ಮೂಲಕ ನೀರನ್ನು ಎಳೆದುಕೊಳ್ಳುತ್ತದೆ.

ಆದರೂ ಅದಕ್ಕಿಂತ ಮೊದಲು ಏರ್ ಫಿಲ್ಟರ್ ಮುಟ್ಟಿ ನೋಡಿ, ಎಂಜಿನ್ ಡಿಪ್‌ಸ್ಟಿಕ್ (ಎಣ್ಣೆ ನೋಡುವ ಕಡ್ಡಿ) ಎಳೆಯಿರಿ. ಫಿಲ್ಟರ್ ಒದ್ದೆಯಿದ್ದರೆ, ಇಲ್ಲಾ ಎಣ್ಣೆ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಸ್ಟಾರ್ಟ್ ಮಾಡಲೇಬೇಡಿ, ಮೆಕ್ಯಾನಿಕ್‌ನನ್ನು ಅಲ್ಲಿಗೇ ಕರೆಸಿ.

ಇವೆರಡೂ ಸರಿ ಇದ್ದರೆ ಗಾಡಿಯನ್ನು ಸಮತಟ್ಟು ಜಾಗದಲ್ಲಿ ರಾತ್ರಿಯಿಡೀ ಬಿಡಿ. ಎಣ್ಣೆಗಿಂತ ಭಾರವಾದ ನೀರು ಕೆಳಗಿಳಿದು ನಿಲ್ಲುತ್ತದೆ. ಬೆಳಿಗ್ಗೆ ಗಾಡಿ ಅಲುಗಾಡಿಸದೆ ಹೌಸಿಂಗ್‌ನ ಫಿಲ್ಲರ್ ಬೋಲ್ಟ್ (ಎಣ್ಣೆ ತುಂಬುವ ತೂತಿನದು) ಬಿಚ್ಚಿ. ಅದು ಬರದಿದ್ದರೆ ಕೆಳಗಿನ ಡ್ರೈನ್ ಬೋಲ್ಟ್‌ಗೆ (ಎಣ್ಣೆ ಇಳಿಸುವ ತೂತಿನದು) ಕೈ ಹಾಕಬೇಡಿ, ಹೊಸ ಎಣ್ಣೆ ತುಂಬೋಕೆ ದಾರಿಯೇ ಇರುವುದಿಲ್ಲ. ಆಮೇಲೆ ಡ್ರೈನ್ ಬೋಲ್ಟ್ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಮೊದಲು ನೀರು ತೊಟ್ಟಿಕ್ಕಿದರೆ ಅಥವಾ ಎಣ್ಣೆ ಬೆಳ್ಳಗಾಗಿದ್ದರೆ ಪೂರ್ತಿ ಇಳಿಸಿ ಹೊಸದು ಹಾಕಿ.

ಗೇರ್‌ಬಾಕ್ಸ್‌ಗೂ ಇದೇ ಕ್ರಮ. ಸೀಲ್ ಹೋಗಿದೆಯೋ ಇಲ್ಲವೋ ಇಲ್ಲಿಂದ ಹೇಳೋದು ಕಷ್ಟ. ಬ್ರೀದರ್ ಸ್ವಚ್ಛ ಮಾಡಿ ಸ್ವಲ್ಪ ದಿನ ಓಡಿಸಿ. ಎಣ್ಣೆ ಮತ್ತೆ ಬೆಳ್ಳಗಾದರೆ ಇನ್ನೊಮ್ಮೆ ಬದಲಿಸಿ. ಚಕ್ರದ ಹಬ್ (ನಡುಭಾಗ) ಹತ್ತಿರ ಎಣ್ಣೆ ಜಿನುಗಿದರೆ ಸೀಲ್ ಹಾಕಿಸಿ.