ರಾಜ್ಯೋತ್ಸವಕ್ಕೆ 120 ಕಪ್‌ಕೇಕ್ ಒಪ್ಪಿಕೊಂಡವರಿಗೆ

ಮೊದಲು ಒಂದು ಪ್ರಶ್ನೆ. ನಿಮ್ಮ ಓಟಿಜಿ, ಅಂದರೆ ಕೇಕ್ ಬೇಯಿಸುವ ಕರೆಂಟ್ ಓವನ್, ಎಷ್ಟು ಲೀಟರಿನದು? 28 ಲೀಟರ್ ಅಂದುಕೊಂಡು ಬರೆಯುತ್ತಿದ್ದೇನೆ, ನನ್ನದೂ ಅದೇ.

ನೀವು ಪೋಸ್ಟಿನಲ್ಲಿ ಬರೆದಿರುವ ಪ್ರಕಾರ ಮಗಳ ಶಾಲೆಯ ರಾಜ್ಯೋತ್ಸವಕ್ಕೆ ಹಳದಿ-ಕೆಂಪು ಕ್ರೀಮ್ ಹಾಕಿದ ಕಪ್‌ಕೇಕ್ ಮಾಡಿಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೀರಿ. ಮೊದಲು 60 ಅಂದ ಟೀಚರ್ ಈಗ 120 ಅಂತಿದ್ದಾರೆ, ಮೊಟ್ಟೆ ಹಾಕಬಾರದು ಅಂತ ನಿನ್ನೆ ರಾತ್ರಿ ಮೆಸೇಜ್ ಬಂದಿದೆ, ಇನ್ನು ಒಂಬತ್ತು ದಿನ ಇದೆ. ಸರಿ. ನಮ್ಮ ಓಟಿಜಿಗೆ ಹಿಡಿಸುವುದು 6 ಗುಳಿಯ ಮಫಿನ್ ಟ್ರೇ. 120ಕ್ಕೆ 20 ಸಲ ಇಡಬೇಕು. ಬೇಯಲು 20 ನಿಮಿಷ, ತೆಗೆದು ಇನ್ನೊಂದು ಇಡಲು 4 ನಿಮಿಷ ಅಂದರೂ ಎಂಟು ಗಂಟೆ ಆಯಿತು. ಇದರಲ್ಲಿ ಕ್ರೀಮ್ ಇಲ್ಲ, ಪಾತ್ರೆ ತೊಳೆಯುವ ಹೊತ್ತು ಇಲ್ಲ, ಊಟ ಇಲ್ಲ. ಈ ಲೆಕ್ಕವನ್ನು ಒಪ್ಪಿಕೊಳ್ಳುವ ಮೊದಲು ಯಾರೂ ಹಾಕುವುದಿಲ್ಲ. ನಾನೂ ಹಾಕಿರಲಿಲ್ಲ.

ಮೂರು ವರ್ಷದ ಹಿಂದೆ ಮೈಸೂರಿನಲ್ಲಿ ನನಗೆ ಆಗಿದ್ದು ಇದೇ, ಬಾವುಟದ ಬಣ್ಣ ಸಮೇತ. "ನೀವು ಹೇಗೂ ಮನೆಯಲ್ಲೇ ಇರ್ತೀರಲ್ಲ" ಅಂತ ಶುರುವಾಗಿದ್ದು. ಆ ಮಾತಿಗೆ ಆಗ ನನಗೆ ಕೋಪ ಬರಲಿಲ್ಲ ಅನ್ನುವುದೇ ಈಗ ಕೋಪ. ಹಿಂದಿನ ದಿನ ಬೆಳಗ್ಗೆ ಹತ್ತಕ್ಕೆ ಕೂತವಳು ರಾತ್ರಿ ಒಂದಕ್ಕೆ ಎದ್ದೆ. ನಡುವೆ ಸಂಜೆ ಕರೆಂಟ್ ಹೋಯಿತು, ಓಟಿಜಿಯಲ್ಲಿದ್ದ ಆರೂ ಕೇಕ್ ನಡುವೆ ಕುಸಿದು ಹಣತೆ ಥರ ಆದವು. ಇನ್ವರ್ಟರ್ ಇದೆಯಲ್ಲ ಅನ್ನಬೇಡಿ, ಓಟಿಜಿಗೆ ಸುಮಾರು 1500 ವ್ಯಾಟ್ ಬೇಕು, ಮನೆಯ ಸಾಮಾನ್ಯ ಇನ್ವರ್ಟರ್ ಅದನ್ನು ಎಳೆಯಲ್ಲ.

ಇನ್ನು ಕೆಂಪು ಕ್ರೀಮ್. ದಯವಿಟ್ಟು ಅದನ್ನು ಮಾಡಬೇಡಿ. ಹಳದಿ ಸುಲಭ, ಎರಡು ಹನಿ ಹಾಕಿದರೆ ಬರುತ್ತದೆ. ಬಿಳಿ ಕ್ರೀಮನ್ನು ಕುಂಕುಮದ ಕೆಂಪಿಗೆ ತರಬೇಕಾದರೆ ಬಣ್ಣ ಸುರಿಯುತ್ತಲೇ ಇರಬೇಕು, ಅಲ್ಲಿವರೆಗೂ ಅದು ಗುಲಾಬಿ ಗುಲಾಬಿಯಾಗೇ ಇರುತ್ತದೆ. ಅಂಗಡಿಯ ನೀರು ಬಣ್ಣ ಹಾಕಿದರೆ ಕ್ರೀಮ್ ತೆಳುವಾಗಿ ಹರಿಯುತ್ತದೆ. ಜೆಲ್ ಬಣ್ಣ ಹಾಕಿದರೆ ಕೆಂಪು ಬರುತ್ತದೆ, ಜೊತೆಗೆ ಕಹಿಯೂ ಬರುತ್ತದೆ. ನಾನು ಜೆಲ್ ಬಣ್ಣದ ಅರ್ಧ ಶೀಶೆ ಖಾಲಿ ಮಾಡಿದೆ. ಮಾರನೇ ದಿನ ಮುಖ್ಯ ಅತಿಥಿಗಳು ಬಂದಿದ್ದು ಒಂದೂವರೆ ಗಂಟೆ ತಡವಾಗಿ, ಭಾಷಣ ಮುಗಿದು ಹಂಚುವ ಹೊತ್ತಿಗೆ ಶಾಮಿಯಾನದ ಬಿಸಿಲಲ್ಲಿ ಎರಡು ಬಣ್ಣವೂ ಕಲೆತು ಕೇಸರಿಯಾಗಿತ್ತು. ಮಕ್ಕಳ ನಾಲಿಗೆ, ಹಲ್ಲು, ಬಿಳಿ ಶರ್ಟಿನ ತೋಳು ಎಲ್ಲಾ ಕೆಂಪು. ಶರ್ಟ್ ಕಲೆ ಹೋಗಲ್ಲ ಅಂತ ಮೂರು ಜನ ಅಮ್ಮಂದಿರು ಫೋನ್ ಮಾಡಿದರು. ಚೆನ್ನಾಗಿತ್ತು ಅಂತ ಫೋನ್ ಮಾಡಿದವರು ಒಬ್ಬರು, ಅವರು ನಮ್ಮ ಅತ್ತಿಗೆ. ನನ್ನ ಮಗ ಮಾತ್ರ "ಅಮ್ಮಾ ನಂಗೆ ಬೇಡ, ಎರಡು ದಿನದಿಂದ ಬರೀ ಆ ವಾಸನೆ" ಅಂತ ಮುಟ್ಟಲೇ ಇಲ್ಲ.

ಹಾಗಾಗಿ ನೀವು ಮಾಡಬೇಕಾಗಿರುವುದು ಆಗಲ್ಲ ಅನ್ನುವುದಲ್ಲ, ಒಂಬತ್ತು ದಿನ ಇರುವಾಗ ಹಿಂದೆ ಸರಿದರೆ ಪಾಪ ಆ ಟೀಚರ್ ಸಿಕ್ಕಿಹಾಕಿಕೊಳ್ಳುತ್ತಾರೆ. ಏನು ಮಾಡುತ್ತೇನೆ, ಎಷ್ಟು ಮಾಡುತ್ತೇನೆ ಅನ್ನುವುದನ್ನು ನೀವೇ ಬದಲಾಯಿಸಿ. ಕೇಳಬೇಡಿ, ತಿಳಿಸಿ. ಇವತ್ತೇ ಅವರಿಗೆ ಹೀಗೆ ಮೆಸೇಜ್ ಹಾಕಿ, ಬೇಕಾದರೆ ಹಾಗೇ ಎತ್ತಿಕೊಳ್ಳಿ:

"ನಮಸ್ತೆ ಮೇಡಂ. ಕ್ರೀಮ್ ಕಪ್‌ಕೇಕ್ ಬಿಸಿಲಿಗೆ ನಿಲ್ಲುವುದಿಲ್ಲ, ಮಕ್ಕಳ ಬಟ್ಟೆಗೂ ಕಲೆಯಾಗುತ್ತದೆ. ಅದರ ಬದಲು ಬೇಕರಿಯ ಜಾಮ್ ಕೇಕ್ ಥರ ಎಗ್‌ಲೆಸ್ ಕೇಕ್ 120 ತುಂಡು ತರುತ್ತೇನೆ. 120ಕ್ಕಿಂತ ಜಾಸ್ತಿ ಆಗುವುದಿಲ್ಲ. ಯಾವ ಮಗುವಿಗಾದರೂ ಹಾಲು, ಗೋಧಿ, ಕಡಲೆಕಾಯಿ ಆಗದಿದ್ದರೆ ಈ ವಾರದೊಳಗೆ ತಿಳಿಸಿ. ಸಾಮಾನಿನ ಖರ್ಚಿನ ಬಿಲ್ ಯಾರಿಗೆ ಕೊಡಬೇಕು?"

ಕೊನೆಯ ಸಾಲು ಅಳಿಸಬೇಡಿ. ಅದನ್ನು ಬರೆಯಲು ಮುಜುಗರ ಅಂತ ಗೊತ್ತು. ಶಾಮಿಯಾನದವರಿಗೆ, ಮೈಕ್ ಸೆಟ್‌ನವರಿಗೆ ದುಡ್ಡು ಕೊಡುವಾಗ ಯಾರಿಗೂ ಮುಜುಗರ ಆಗಲ್ಲ ನೋಡಿ. ಕೂಲಿ ಬೇಡ ಅನ್ನಿ, ಸಾಮಾನಿನ ದುಡ್ಡು ಕೇಳಿ.

ಈಗ ಕೇಕ್. ಅಯ್ಯಂಗಾರ್ ಬೇಕರಿಯಲ್ಲಿ ಹನಿ ಕೇಕ್ ತಿಂದಿರುತ್ತೀರಲ್ಲ, ಹಳದಿ ಕೇಕಿಗೆ ಪಾಕ ಕುಡಿಸಿ, ಮೇಲೆ ಜಾಮ್ ಸವರಿ, ಒಣ ಕೊಬ್ಬರಿ ಪುಡಿ ಉದುರಿಸಿರುತ್ತಾರೆ. ಎಷ್ಟು ಯೋಚನೆ ಮಾಡಿ ಮಾಡಿದ ತಿಂಡಿ ಅಂತ ನನಗೆ ಅರ್ಥವಾಗಿದ್ದು ಆ ಕ್ರೀಮಿನ ಗೋಳು ಆದ ಮೇಲೆ. ಫ್ರಿಜ್ ಬೇಡ, ಕರಗಲ್ಲ, ಪಾಕ ಇರುವುದರಿಂದ ಮಾರನೇ ದಿನಕ್ಕೆ ಒಣಗುವುದಿಲ್ಲ, ಇನ್ನೂ ಮೆತ್ತಗಾಗುತ್ತದೆ, ಚೌಕವಾಗಿ ಕತ್ತರಿಸಿ ಡಬ್ಬಿಗೆ ಜೋಡಿಸಬಹುದು.

9 ಇಂಚಿನ ಚೌಕ ಟಿನ್ ತಗೊಳ್ಳಿ. ಒಂದೂವರೆ ಇಂಚಿಗೆ ಕತ್ತರಿಸಿದರೆ 36 ತುಂಡು. ನಾಲ್ಕು ಟಿನ್ ಮಾಡಿದರೆ 144, ಅಂಚು ಮುರಿದಿದ್ದು, ಮನೆಯವರು ಎತ್ತಿದ್ದು ಹೋದರೂ 120 ಸಿಗುತ್ತದೆ. ಒಂದು ಟಿನ್‌ಗೆ 40 ನಿಮಿಷ, ಅಂದರೆ ಎಂಟು ಗಂಟೆಯ ಕೆಲಸ ಮೂರು ಗಂಟೆಯೊಳಗೆ.

ಒಂದು ಟಿನ್‌ನ ಅಳತೆ: ಮೈದಾ ಎರಡೂಕಾಲು ಕಪ್, ಕಸ್ಟರ್ಡ್ ಪೌಡರ್ 2 ದೊಡ್ಡ ಚಮಚ (ಹಳದಿ ಬಣ್ಣ ಇದರಿಂದಲೇ ಬರುತ್ತದೆ), ಬೇಕಿಂಗ್ ಪೌಡರ್ 2 ಟೀ ಚಮಚಕ್ಕೆ ತುಸು ಕಮ್ಮಿ, ಅಡುಗೆ ಸೋಡಾ ಮುಕ್ಕಾಲು ಟೀ ಚಮಚ, ಗಟ್ಟಿ ಮೊಸರು ಒಂದೂವರೆ ಕಪ್, ಸಕ್ಕರೆ ಒಂದು ಕಪ್ ಮತ್ತು ಮೇಲೆ 2 ದೊಡ್ಡ ಚಮಚ, ವಾಸನೆಯಿಲ್ಲದ ಎಣ್ಣೆ ಮುಕ್ಕಾಲು ಕಪ್, ವೆನಿಲ್ಲಾ. 170 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ನಾಲ್ಕು ಟಿನ್‌ಗೂ ಸೇರಿ ಮೈದಾ ಒಂದೂಕಾಲು ಕೆಜಿ, ಮೊಸರು ಒಂದೂವರೆ ಲೀಟರ್, ಸಕ್ಕರೆ ಪಾಕಕ್ಕೂ ಸೇರಿ ಒಂದೂವರೆ ಕೆಜಿ, ಎಣ್ಣೆ ಮುಕ್ಕಾಲು ಲೀಟರ್, ಅರ್ಧ ಕೆಜಿಯ ಒಂದು ಬಾಟಲಿ ಮಿಕ್ಸೆಡ್ ಫ್ರೂಟ್ ಜಾಮ್.

ನಾಲ್ಕು ಟಿನ್‌ನ ಹಿಟ್ಟನ್ನು ಒಟ್ಟಿಗೆ ಕಲಸಿ ಇಡಬೇಡಿ. ಸೋಡಾ ಮೊಸರಿಗೆ ತಾಗಿದ ಕ್ಷಣದಿಂದ ಗಾಳಿ ಬಿಡಲು ಶುರು, ಮೂರನೇ ಟಿನ್ ಒಳಗೆ ಹೋಗುವ ಹೊತ್ತಿಗೆ ಅದರಲ್ಲಿ ದಮ್ ಇರುವುದಿಲ್ಲ, ಕೇಕ್ ದೋಸೆಕಲ್ಲಾಗುತ್ತದೆ. ಒಣ ಸಾಮಾನನ್ನು ಹಿಂದಿನ ದಿನವೇ ಜರಡಿ ಹಿಡಿದು ನಾಲ್ಕು ಡಬ್ಬಿಗೆ ಹಾಕಿಟ್ಟುಕೊಳ್ಳಿ, ಒಂದು ಟಿನ್ ಹೊರಗೆ ಬರುವ ಐದು ನಿಮಿಷ ಮೊದಲು ಮುಂದಿನದನ್ನು ಕಲಸಿ.

ನಿಮ್ಮ ಪೋಸ್ಟಿಗೆ ಒಬ್ಬರು ಬಣ್ಣಕ್ಕೆ ಅರಿಶಿನ ಹಾಕಿ ಅಂದಿದ್ದಾರೆ. ಹಾಕಬಹುದು, ಚಿಟಿಕೆ ಮಾತ್ರ. ಸೋಡಾ ಸ್ವಲ್ಪ ಹೆಚ್ಚಾಗಿ ಮೊಸರು ಹುಳಿ ಇಲ್ಲದಿದ್ದರೆ ಕೇಕಿನೊಳಗೆ ಕೆಂಪು ಚುಕ್ಕೆ ಕಾಣಿಸಿಕೊಳ್ಳುತ್ತದೆ. ಆರತಿ ನೀರಿಗೆ ಅರಿಶಿನ ಸುಣ್ಣ ಕಲಸಿದರೆ ಕೆಂಪಾಗುತ್ತಲ್ಲ, ಅದೇ ಕಥೆ. ನಾನಾದರೆ ಕಸ್ಟರ್ಡ್ ಪೌಡರ್‌ನಲ್ಲೇ ನಿಲ್ಲಿಸುತ್ತೇನೆ.

ಪಾಕಕ್ಕೆ ಸಕ್ಕರೆ, ನೀರು ಸಮ ಸಮ, ಎಳೆ ಬರುವುದು ಬೇಡ, ಕರಗಿದರೆ ಸಾಕು. ಜೇನು ಹಾಕಬೇಡಿ, ಜೈನರ ಮಕ್ಕಳಿದ್ದರೆ ತಿನ್ನಲ್ಲ, ಹೆಸರಿಗೆ ಹನಿ ಕೇಕ್ ಅಷ್ಟೇ. ಕೇಕ್ ಉಗುರುಬೆಚ್ಚಗಿರುವಾಗ ಫೋರ್ಕ್‌ನಿಂದ ಚುಚ್ಚಿ ಚಮಚದಲ್ಲಿ ಹಾಕುತ್ತಾ ಹೋಗಿ, ಟಿನ್‌ಗೆ ಒಂದು ಕಪ್ ಸಾಕು. ಆರಿದ ಮೇಲೆ ಜಾಮನ್ನು ಒಂದು ಚಮಚ ಬಿಸಿನೀರು ಹಾಕಿ ಸಡಿಲ ಮಾಡಿ ಸವರಿ. ಕೊಬ್ಬರಿ ಅಂಗಡಿಯ ಒಣ ಪುಡಿಯೇ ಆಗಬೇಕು, ಹಸಿ ತೆಂಗಿನಕಾಯಿ ತುರಿ ಹಾಕಿದರೆ ಮಾರನೇ ದಿನಕ್ಕೆ ಹಳಸುತ್ತದೆ. ಕೊಬ್ಬರಿ ಧಾರಾಳವಾಗಿ ಉದುರಿಸಿ, ಅದಕ್ಕೊಂದು ಕಾರಣ ಇದೆ. ಎರಡನೇ ವರ್ಷ ನಾನು ಇದೇ ಕೇಕ್ ತೆಗೆದುಕೊಂಡು ಹೋದಾಗ ಕೊಬ್ಬರಿ ಕಮ್ಮಿ ಬಿದ್ದಿತ್ತು. ಮೇಲೆ ಕೆಂಪು ಜಾಮ್, ಕೆಳಗೆ ಹಳದಿ ಕೇಕ್. ಒಬ್ಬ ಮೇಷ್ಟ್ರು ತಟ್ಟೆ ಹಿಡಿದುಕೊಂಡು ನೋಡಿ ನೋಡಿ "ಮೇಡಂ, ಬಾವುಟ ತಲೆಕೆಳಗಾಗಿದೆಯಲ್ಲ" ಅಂದರು. ತಮಾಷೆಗೆ ಅಂದರೋ ನಿಜವಾಗಿ ಅಂದರೋ ಇವತ್ತಿಗೂ ತಿಳಿದಿಲ್ಲ.

ಅಕ್ಟೋಬರ್ 31ರ ಬೆಳಗ್ಗೆಯೇ ಶುರು ಮಾಡಿ, ಸಂಜೆಗೆ ಬಿಡಬೇಡಿ. ಕರೆಂಟ್ ಹೋದರೆ ಟಿನ್ ಹಿಡಿಸುವಷ್ಟು ದೊಡ್ಡ ದಬರಿಯಲ್ಲಿ ಸ್ಟ್ಯಾಂಡ್ ಇಟ್ಟು ಹತ್ತು ನಿಮಿಷ ಖಾಲಿ ಕಾಯಿಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ 50 ನಿಮಿಷ. ಮೇಲೆ ಬಣ್ಣ ಬರಲ್ಲ, ಜಾಮ್ ಸವರಿದ ಮೇಲೆ ಯಾರಿಗೂ ಕಾಣಲ್ಲ. ಕತ್ತರಿಸುವುದು ಒಂದನೇ ತಾರೀಕು ಬೆಳಗ್ಗೆ, ಮನೆಯಲ್ಲೇ, ಶಾಲೆಯಲ್ಲಿ ಚಾಕು ಹುಡುಕುತ್ತಾ ನಿಲ್ಲಬೇಡಿ. ಡಬ್ಬಿಯ ಮುಚ್ಚಳದ ಮೇಲೆ "ಮೊಟ್ಟೆ ಇಲ್ಲ. ಮೈದಾ, ಮೊಸರು, ಕೊಬ್ಬರಿ ಇದೆ" ಅಂತ ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ಇಲ್ಲದಿದ್ದರೆ ಮೊಟ್ಟೆ ಹಾಕಿದ್ದೀರಾ ಅನ್ನುವ ಪ್ರಶ್ನೆಗೆ ನಲವತ್ತು ಸಲ ಉತ್ತರ ಹೇಳಬೇಕು.

ಇನ್ನೊಂದು, ನಿಮ್ಮ ಶಾಲೆ ಸಿಬಿಎಸ್‌ಇ ಆಗಿದ್ದರೆ ಸಕ್ಕರೆ ಫಲಕ ಇದೆಯಾ ನೋಡಿ. ಮಕ್ಕಳು ಎಷ್ಟು ಸಕ್ಕರೆ ತಿನ್ನಬೇಕು ಅಂತ ತಿಳಿಸುವ ಫಲಕ ಹಾಕಿ ಅಂತ 2025ರಲ್ಲಿ ಬೋರ್ಡ್ ಹೇಳಿದೆ. ನಮ್ಮಲ್ಲಿ ಆ ಫಲಕದ ಪಕ್ಕದಲ್ಲೇ ಟೇಬಲ್ ಹಾಕಿ ಕೇಕ್ ಹಂಚಿದೆವು. ಯಾರಾದರೂ ಆ ಫಲಕದ ಮಾತು ಎತ್ತಿದರೆ ಒಳ್ಳೆಯದೇ, ಮುಂದಿನ ವರ್ಷ ಖಾರ ಬಿಸ್ಕತ್ತು ಅಂತ ಹೇಳಿಬಿಡಿ. ಮೈದಾ ಕಾಲು ಕೆಜಿಗೆ ಬೆಣ್ಣೆ 125 ಗ್ರಾಂ, ಸ್ವಲ್ಪ ಸಕ್ಕರೆ ಪುಡಿ, ಉಪ್ಪು, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸೊಪ್ಪು, ಕಲಸಲು ಬೇಕಾದಷ್ಟು ಮೊಸರು. ಚಿಕ್ಕದಾಗಿ ಕತ್ತರಿಸಿದರೆ 35ರ ಮೇಲೆ ಬರುತ್ತವೆ, ಮೂರು ದಿನ ಮೊದಲೇ ಮಾಡಿ ಡಬ್ಬಿಯಲ್ಲಿ ಹಾಕಿಟ್ಟು ಕಾರ್ಯಕ್ರಮದ ಹಿಂದಿನ ರಾತ್ರಿ ನಿದ್ದೆ ಮಾಡಬಹುದು.

ಟಿನ್‌ನಲ್ಲೇ ತೆಗೆದುಕೊಂಡು ಹೋಗುವುದಾದರೆ ತಳದಲ್ಲಿ ನೈಲ್ ಪಾಲಿಶ್‌ನಿಂದ ಹೆಸರು ಬರೆಯಿರಿ, ಮಾರ್ಕರ್ ತೊಳೆದರೆ ಹೋಗುತ್ತದೆ. ನನ್ನ 9 ಇಂಚಿನ ಟಿನ್ ಒಂದು ಅಲ್ಲೇ ಸ್ಟಾಫ್ ರೂಮಿನಲ್ಲಿದೆ, ಚಾಕ್‌ಪೀಸ್ ಹಾಕಿಡುತ್ತಾರೆ. ಪೇರೆಂಟ್ಸ್ ಮೀಟಿಂಗಿಗೆ ಹೋದಾಗಲೆಲ್ಲ ನೋಡಿಕೊಂಡು ಬರುತ್ತೇನೆ.