ಹುಟ್ಟು ದೋಷಗಳ ಪಾಠ ಮಕ್ಕಳಿಗೆ ಹೇಗೆ ಮಾಡಲಿ?

ಮುಂಬೈನ ಕನ್ನಡ ಶಾಲೆಯ ಒಂಬತ್ತನೇ ಕ್ಲಾಸಿಗೆ ಇದನ್ನು ಹೇಗೆ ಹೇಳಲಿ ಅಂತ ಕೇಳಿದ್ದೀರಿ. ಗ್ರಹಣದಿಂದಲೇ ಶುರು ಮಾಡಿ. ಗ್ರಹಣದ ಹೊತ್ತಿಗೆ ಬಸುರಿ ಚಾಕು ಹಿಡಿದರೆ ಮಗುವಿಗೆ ಸೀಳುತುಟಿ ಬರುತ್ತದೆ ಅಂತ ನಮ್ಮ ಅಜ್ಜಿಯರು ಹೇಳುತ್ತಾರೆ, ಪಕ್ಕದ ಮನೆಯ ಮರಾಠಿ ಅಜ್ಜಿಯೂ ಹೇಳುತ್ತಾರೆ. ಸುಳ್ಳು. ತುಟಿ ಕೂಡಿಕೊಳ್ಳುವುದು ಗರ್ಭದ 4ರಿಂದ 7ನೇ ವಾರದೊಳಗೆ. ಪೂರ್ತಿ ಕೂಡದಿದ್ದರೆ ಸೀಳು.

ಆಮೇಲೆ ಬೆನ್ನುಹುರಿಗೆ ಬನ್ನಿ. ಮುಂದೆ ಮೆದುಳು, ಬೆನ್ನುಹುರಿ ಆಗುವ ಕೊಳವೆ ಗರ್ಭ ಕಟ್ಟಿದ ಸುಮಾರು 28 ದಿನಕ್ಕೆಲ್ಲ ಮುಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಅಲ್ಲಿ ದೋಷ ಉಳಿಯುತ್ತದೆ. ಆಗ ಎಷ್ಟೋ ತಾಯಂದಿರಿಗೆ ತಾವು ಬಸುರಿ ಅಂತಲೇ ಗೊತ್ತಿರುವುದಿಲ್ಲ, ಅಲ್ವಾ? ಅದಕ್ಕೇ ಈ ದೋಷದ ಅಪಾಯ ತಗ್ಗಿಸುವ ಫೋಲಿಕ್ ಆಸಿಡ್ (ಒಂದು ಬಿ ವಿಟಮಿನ್) ದಿನಕ್ಕೆ 400 ಮೈಕ್ರೋಗ್ರಾಂನಂತೆ, ಬಸುರಿಯಾಗುವುದಕ್ಕೆ ಒಂದು ತಿಂಗಳಾದರೂ ಮುಂಚೆ ಶುರುವಾಗಬೇಕು.

ಹುಡುಗರನ್ನು ಸುಮ್ನೆ ಹೊರಗೆ ಕಳಿಸಬೇಡಿ, ಅವರೂ ಕೇಳಲಿ. ‘ತಾಯಿಯ ತಪ್ಪು’ ಅನ್ನುವ ಮಾತು ಮಾತ್ರ ಬರಕೂಡದು. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಕ್ಲಾಸಿನಲ್ಲೇ ಯಾರದೋ ತಮ್ಮನಿಗೆ ಅಂಥದ್ದು ಇರಬಹುದು.